ಮಾವನ ಕತ್ತಿಯ ಹಿಡಿ

ಮಗಳು ಹೊಟ್ಟೆಯ ಮೇಲೆ ತೆವಳುವುದನ್ನು ಬಿಟ್ಟು ಮಂಡಿಯೂರಿ ಓಡಾಡಲು ಶುರುಮಾಡಿದ ದಿನವೇ ಆ ತಾಯಿಗೆ ಖಾತ್ರಿಯಾಗಿಹೋಯಿತು: ಈ ಮನೆ ಕಟ್ಟಿದ ಪುಣ್ಯಾತ್ಮನಿಗೆ ಮಕ್ಕಳನ್ನು ಕಂಡರೆ ಆಗುತ್ತಿರಲಿಲ್ಲ. ಎಲ್ಲಿ ನೋಡಿದರೂ ಮೂಲೆ, ಎಲ್ಲಿ ನೋಡಿದರೂ ಚೂಪು. ಮೇಜಿನ ಮೂಲೆಗಳೆಲ್ಲ ಅಳತೆ ತೆಗೆದು ಮಾಡಿಸಿದಂತೆ ಮಗುವಿನ ಹಣೆಯ ಎತ್ತರಕ್ಕೇ ಇದ್ದವು. ಅವಳು ಸುಮ್ಮನೆ ಕೂರುವ ಪೈಕಿ ಅಲ್ಲ. ಮೂಲೆಗಳಿಗೆಲ್ಲ ಸ್ಪಂಜು ಅಂಟಿಸಿದಳು, ಪ್ಲಗ್ಗುಗಳ ಬಾಯಿಗೆ ಬಿರಡೆ ಜಡಿದಳು, ಅಡುಗೆಮನೆಯ ಡ್ರಾಯರುಗಳಿಗೆಲ್ಲ ಷೂ ಲೇಸು ಕಟ್ಟಿದಳು. ಗಂಟುಗಳು ಎಷ್ಟು ಭದ್ರವಾಗಿದ್ದವೆಂದರೆ, ಒಂದು ಚಮಚ ಬೇಕಾದಾಗ ಅವನ್ನು ಬಿಚ್ಚುವುದಕ್ಕಿಂತ ಹೊರಗೆ ಹೋಗಿ ಹೋಟೆಲಿನಲ್ಲಿ ತಿಂದು ಬರುವುದೇ ಸುಲಭವೆಂದು ಗಂಡ ಕಂಡುಕೊಂಡ.

ಇಷ್ಟೆಲ್ಲ ಆದ ಮೇಲೂ ಮನೆಯಲ್ಲಿ ಒಂದು ವಸ್ತು ಉಳಿದಿತ್ತು. ಅದಕ್ಕೆ ಸ್ಪಂಜು ಅಂಟಿಸುವಂತಿರಲಿಲ್ಲ, ಲೇಸು ಕಟ್ಟುವಂತಿರಲಿಲ್ಲ. ಅದು ಮಾವನ ಕ್ಷೌರದ ಕತ್ತಿ.

ಕತ್ತಿಯೆಂದರೆ ಅಂಗಡಿಯಲ್ಲಿ ಸಿಗುವ ಬ್ಲೇಡಿನ ರೇಜರಲ್ಲ. ಅಂಗೈಗಿಂತ ಉದ್ದದ ಉಕ್ಕಿನ ಅಲಗು, ಅದು ಮಡಚಿ ಕೂರಲು ಹಳದಿ ತಿರುಗಿದ ಬಿಳಿಯ ಹಿಡಿ. ಮಾವನ ಅಪ್ಪ ಬಳಸಿ, ಮಾವನಿಗೆ ಬಿಟ್ಟುಹೋದದ್ದು. ಬೆಳಿಗ್ಗೆ ಬಚ್ಚಲಮನೆಯ ಬಾಗಿಲಿಗೆ ಚರ್ಮದ ಪಟ್ಟಿ ನೇತುಹಾಕಿ ಮಾವ ಅದರ ಮೇಲೆ ಕತ್ತಿಯನ್ನು ಸರಕ್ ಸರಕ್ಕೆಂದು ಆಡಿಸತೊಡಗಿದರೆಂದರೆ, ಅವಳು ಎಲ್ಲಿದ್ದರೂ ಓಡಿಹೋಗಿ ಮಗಳನ್ನು ಎತ್ತಿ ಎದೆಗೆ ಅವುಚಿಕೊಳ್ಳುತ್ತಿದ್ದಳು. ಮಗು ಮಲಗಿದ್ದರೂ ಸರಿಯೇ. (ಮಲಗಿದ್ದ ಮಗು ಎಚ್ಚೆತ್ತು ಚೀರುತ್ತಿತ್ತು. ಆಗ ಮನೆಯಲ್ಲಿ ಮಿಕ್ಕವರಿಗೂ ಬೆಳಗಾಗುತ್ತಿತ್ತು.)

"ಮಾವ, ಮನೇಲಿ ಕೂಸಿದೆ."

"ಗೊತ್ತಮ್ಮ. ಅದೇ ಹೇಳ್ತಾ ಇದೆಯಲ್ಲ, ಇಡೀ ಬೀದಿಗೆ ಕೇಳೋ ಹಾಗೆ."

"ಕೈಗೆ ಸಿಕ್ಕಿದ್ದೆಲ್ಲ ಬಾಯಿಗೆ ಹಾಕ್ಕೊಳ್ಳುತ್ತೆ."

"ನಾನು ಕತ್ತೀನ ಬೀರು ಮೇಲೆ ಇಡೋದು. ಅಲ್ಲಿಗೆ ನಿನ್ನ ಕೈಯೇ ಎಟಕಲ್ಲ."

"ಭೂಕಂಪ ಆದ್ರೆ?"

ಮಾವ ಅರ್ಧ ಮುಖದ ನೊರೆಯೊಂದಿಗೆ ತಿರುಗಿ ನೋಡಿದರು. "ಭೂಕಂಪ ಆದ್ರೆ ಕೂಸನ್ನ ಎತ್ಕೊಂಡು ಓಡ್ತೀನಿ ತಾಯಿ. ಗಡ್ಡ ಬೋಳಿಸ್ಕೊಂಡು ಬರ್ತೀನಿ, ಸ್ವಲ್ಪ ಇರಿ ಅಂತ ಹೇಳಲ್ಲ."

ಮಾವ ರೈಲಿನ ಗಾರ್ಡ್ ಆಗಿ ನಿವೃತ್ತರಾದವರು. ಓಡುವ ರೈಲಿನ ಕೊನೆಯ ಡಬ್ಬಿಯಲ್ಲಿ ನಿಂತು, ತಿರುವಿನಲ್ಲೂ ಸೇತುವೆಯ ಮೇಲೂ ಇದೇ ಕತ್ತಿಯಿಂದ ಮುಖ ಬೋಳಿಸಿಕೊಂಡು ಒಂದು ಗೀರೂ ಬೀಳಿಸಿಕೊಳ್ಳದ ವೀರರು. ಎಲ್ಲದಕ್ಕೂ 'ನಿಲ್ಲಿ, ಬೇಡ, ಅಪಾಯ' ಎನ್ನುವ ಸೊಸೆಗೆ ಅವರು 'ಕೆಂಪು ಬಾವುಟ' ಎಂದು ಹೆಸರಿಟ್ಟಿದ್ದರು. ಅವರ ಮಗ, ಅಂದರೆ ಅವಳ ಗಂಡ, ಲಿಫ್ಟ್ ಇನ್‌ಸ್ಪೆಕ್ಟರ್. ಅಪ್ಪ ಜೀವಮಾನವೆಲ್ಲ ಅಡ್ಡಡ್ಡ ಓಡಿ ಸಂಬಳ ತಂದರೆ, ಮಗ ಉದ್ದುದ್ದ ಹತ್ತಿಳಿದು ತರುತ್ತಿದ್ದ. ಮನೆಯಲ್ಲಿ ಜಗಳ ಬಂದಾಗ ಮಾತ್ರ ಅವನು ಎರಡು ಮಹಡಿಗಳ ನಡುವೆ ಕೆಟ್ಟು ನಿಲ್ಲುತ್ತಿದ್ದ.

"ರೀ, ನೀವಾದ್ರೂ ಹೇಳಿ."

"ಅಪ್ಪ ಹೇಳೋದ್ರಲ್ಲೂ ಒಂದು ಇದಿದೆ. ನೀನು ಹೇಳೋದ್ರಲ್ಲೂ ಒಂದು..." ಎಂದು ಅವನು ಅಲ್ಲಿಗೇ ನಿಂತ. ಅಲಾರ್ಮ್ ಒತ್ತಿದರೂ ಮುಂದಕ್ಕೆ ಬರಲಿಲ್ಲ.

ಹೀಗಿರುವಾಗ ಒಂದು ಬೆಳಿಗ್ಗೆ ಅವಳ ಕಣ್ಣಿಗೆ ಆ ಬಿರುಕು ಬಿತ್ತು. ಹಿಡಿಯ ತಲೆಯ ಕಡೆ, ಅಲಗು ತಿರುಗುವ ಪಿನ್ನಿನ ಪಕ್ಕದಲ್ಲಿ, ಕೂದಲೆಳೆಯಷ್ಟು ಸಣ್ಣ ಬಿರುಕು. ಅಲಗು ಹಿಡಿಯೊಳಗೆ ಸ್ವಲ್ಪ ಅಲುಗಾಡುತ್ತಲೂ ಇತ್ತು. ಅವಳ ತಲೆಯಲ್ಲಿ ದೀಪ ಹತ್ತಿತು. ಬೇಡವೆಂದರೆ ಮಾವ ಕೇಳುವವರಲ್ಲ. ರಿಪೇರಿ ಎಂದರೆ?

"ಮಾವ, ಹಿಡಿ ಬಿರುಕು ಬಿಟ್ಟಿದೆ. ಕೊಡಿ, ನಾನು ಸರಿ ಮಾಡಿಸ್ಕೊಂಡು ಬರ್ತೀನಿ" ಎಂದಳು, ದನಿಯಲ್ಲಿ ಸಕ್ಕರೆ ಸುರಿಸಿ.

ಕಿಟಕಿಯ ಬಳಿ ಪದಬಂಧ ಬಿಡಿಸುತ್ತಿದ್ದ ಅತ್ತೆ ಪೆನ್ಸಿಲು ಕೆಳಗಿಟ್ಟರು. "ರಿಪೇರಿಗೆ ಅಂತ ತಗೊಂಡು ಹೋಗಿ, ಆಮೇಲೆ ಅಂಗಡಿಯವನು ಕಳೆದುಬಿಟ್ಟ ಅಂತ ಕಣ್ಣು ಒರೆಸ್ಕೊಳ್ಳೋದು. ಅಷ್ಟೇ ತಾನೆ?"

"ಅಯ್ಯೋ, ಏನತ್ತೆ ನೀವು!"

"ಏನಿಲ್ಲ. ಇವರ ಕರೀ ಕೋಟನ್ನ ನಾನು ಹಾಗೇ ಡ್ರೈಕ್ಲೀನಿಂಗಿಗೆ ಕೊಟ್ಟಿದ್ದು."

"ಏನು!" ಎಂದರು ಮಾವ. "ಅದು ನೀನು ಮಾಡಿದ್ದಾ?"

ಕೋಟಿನ ವಿಚಾರಣೆ ಸ್ವಲ್ಪ ಹೊತ್ತು ನಡೆಯಿತು. ಅದು ಮುಗಿಯುವಷ್ಟರಲ್ಲಿ ಮಾವನಿಗೆ ಮನೆಯ ಹೆಂಗಸರೆಲ್ಲರ ಮೇಲೂ ಅನುಮಾನ ಬಂದಿತ್ತು. ಕತ್ತಿಯನ್ನು ಮಡಚಿ ಮುಷ್ಟಿಯಲ್ಲಿ ಹಿಡಿದುಕೊಂಡು ಘೋಷಿಸಿದರು: "ಇದು ಆನೆದಂತ. ಕಂಡಕಂಡವರ ಕೈಗೆ ಕೊಡೋ ವಸ್ತು ಅಲ್ಲ."

"ಆನೆದಂತ ಅಂತ ಯಾರು ಹೇಳಿದ್ದು ಮಾವ?"

"ನಮ್ಮಪ್ಪ."

"ಅವರಿಗೆ ಯಾರು ಹೇಳಿದ್ದು?"

"ಇನ್ಯಾರು, ಮಾರಿದವನು."

"ಮಾರೋನು ಬೇರೆ ಇನ್ನೇನು ಹೇಳ್ತಾನೆ ಮಾವ?"

ಆ ಹಿಡಿಯ ಬಗ್ಗೆ ಇಲ್ಲಿಯವರೆಗೆ ಯಾರೂ ಅನುಮಾನ ಎತ್ತಿರಲಿಲ್ಲ. ಗಂಡ ಮಗಳನ್ನು ಎತ್ತಿಕೊಂಡು, ಮಗಳಿಗೆ ಏನೋ ತೋರಿಸುವ ನೆಪದಲ್ಲಿ ಬಾಲ್ಕನಿಗೆ ಹೋದ. ಮಾವ ನೊರೆ ಒಣಗಿದ ಮುಖದಲ್ಲೇ ಎರಡು ಹೆಜ್ಜೆ ಮುಂದೆ ಬಂದರು.

"ಸರಿ ಕೆಂಪು ಬಾವುಟ. ಇದು ಆನೆದಂತ ಅಲ್ಲ ಅಂತ ನೀನು ತೋರಿಸಿಕೊಡು. ತೋರಿಸಿದ್ರೆ ಈ ಕತ್ತಿ ಈ ಮನೆ ಹೊಸಲು ದಾಟಿ ಹೋಗುತ್ತೆ. ನಾನೇ ಕಳಿಸ್ತೀನಿ. ಆನೆದಂತಾನೇ ಆಗಿದ್ರೆ?"

"ಆಗಿದ್ರೆ ನಾನು ಇನ್ನು ಇದರ ವಿಷಯ ಎತ್ತಲ್ಲ. ಭೂಕಂಪ ಆದ್ರೂ ಎತ್ತಲ್ಲ."

"ಮಾತು ಅಂದ್ರೆ ಮಾತು?"

"ಮಾತು ಅಂದ್ರೆ ಮಾತು."

ಅತ್ತೆ ಪೆನ್ಸಿಲು ಮತ್ತೆ ಕೈಗೆತ್ತಿಕೊಂಡರು. ಅವರಿಗೆ ಇಷ್ಟು ಒಳ್ಳೆಯ ಬೆಳಗು ಬಹಳ ಕಾಲದಿಂದ ಸಿಕ್ಕಿರಲಿಲ್ಲ.

ಅವಳು ಓದಿ ಬೆಳೆದದ್ದು ನಗರದಲ್ಲಿ. ಎಂಥ ಸಂಕಟ ಬಂದರೂ ಮೊದಲು ಅದರ ಬಗ್ಗೆ ಓದಬೇಕೆಂದು ಅವಳಿಗೆ ಶಾಲೆಯಲ್ಲಿ ಕಲಿಸಿದ್ದರು. ಮಗುವಿಗೆ ಬಿಕ್ಕಳಿಕೆ ಬಂದರೂ ಓದುತ್ತಿದ್ದಳು. (ಓದಿದ ಮೇಲೆ ಬಿಕ್ಕಳಿಕೆ ಮಗುವಿನಿಂದ ಅವಳಿಗೆ ಬರುತ್ತಿತ್ತು.) ಈಗ ಮೊಬೈಲಿನಲ್ಲಿ ಹುಡುಕಿದಾಗ ಒಬ್ಬ ಗುರು ಸಿಕ್ಕ. ಹಳೆಯ ಕ್ಷೌರದ ಕತ್ತಿಗಳನ್ನು ಹೊಸತು ಮಾಡುವುದೇ ಅವನ ಕಸುಬು. ಅವನ ಸ್ವಂತ ಗಡ್ಡ ಮಾತ್ರ ಹೊಟ್ಟೆಯವರೆಗೆ ಇಳಿದಿತ್ತು. ಅದನ್ನು ಅವಳು ಅನುಮಾನದಿಂದಲೇ ನೋಡಿದರೂ ಪಾಠ ಚೆನ್ನಾಗಿತ್ತು. ಹಿಡಿ ಕೊಂಬಿನದಾದರೆ ಬೆಳಕಿಗೆ ಹಿಡಿದಾಗ ಅಂಚಿನಲ್ಲಿ ಜೇನಿನ ಬಣ್ಣ ಹಾಯುತ್ತದೆ. ಗಟ್ಟಿ ರಬ್ಬರಾದರೆ ಉಜ್ಜಿದಾಗ ಗಂಧಕದ ವಾಸನೆ. ಆನೆದಂತವಾದರೆ ಕಡಿದ ತುದಿಯಲ್ಲಿ ಒಂದನ್ನೊಂದು ದಾಟುವ ಬಲೆಯಂಥ ಗೆರೆಗಳು. ಮೂಳೆಯಾದರೆ ಸೂಜಿಯಿಂದ ಚುಚ್ಚಿದಂಥ ಕಪ್ಪು ಚುಕ್ಕೆಗಳು, ಒಂದು ಕಾಲದಲ್ಲಿ ನೆತ್ತರು ಹರಿದ ದಾರಿಗಳು. ಇನ್ನು ಸೆಲ್ಯುಲಾಯ್ಡ್ ಎಂಬ ಹಳೆಯ ಪ್ಲಾಸ್ಟಿಕ್ಕೊಂದಿದೆ. ಆನೆದಂತದ ವೇಷ ಹಾಕುವುದರಲ್ಲಿ ನಿಸ್ಸೀಮ. ಅದರಲ್ಲಿ ಕರ್ಪೂರ ಬೆರೆತಿರುತ್ತದೆ, ಹೆಬ್ಬೆರಳಿನಿಂದ ಜೋರಾಗಿ ಉಜ್ಜಿ ಮೂಸಿದರೆ ಗುಟ್ಟು ರಟ್ಟು. ಕಿಡಿ ತಗುಲಿದರೆ ಭಗ್ಗನೆ ಹತ್ತಿಕೊಳ್ಳುತ್ತದೆ.

ಕೊನೆಯ ಮಾತನ್ನು ಅವಳು ವಿಡಿಯೋ ಹಿಂದಕ್ಕೆ ಸರಿಸಿ ಮತ್ತೆ ಕೇಳಿದಳು. ಇಷ್ಟು ದಿನ ಕತ್ತಿಯ ಅಲಗಿಗೆ ಮಾತ್ರ ಹೆದರಿದ್ದಳು. ಈಗ ಹಿಡಿಗೂ ಹೆದರಬೇಕಾಯಿತು.

ಮೊದಲು ಕೈ ಪಳಗಲಿ ಎಂದು ಮನೆಯಲ್ಲಿ ಸಿಕ್ಕಿದ್ದನ್ನೆಲ್ಲ ಭೂತಗನ್ನಡಿಯಲ್ಲಿ ಪರೀಕ್ಷಿಸಿದಳು. ಕೊಡೆಯ ಹಿಡಿ, ಅತ್ತೆಯ ಬಾಚಣಿಗೆ, ಗಂಡನ ಕನ್ನಡಕದ ಕಡ್ಡಿ, ಅಂಗಿಯ ಗುಂಡಿ. ಯಾವುದನ್ನೂ ಬಿಡಲಿಲ್ಲ.

"ನನ್ನ ಹಲ್ಲಿನ ಸೆಟ್ಟನ್ನೂ ತೆಗೆದುಕೊಡ್ಲಾ?" ಎಂದು ಅತ್ತೆ ಕೆಣಕಿದರು.

"ಬೇಡ ಅತ್ತೆ, ಅದು ಅಕ್ರಿಲಿಕ್ಕು" ಎಂದಳು ಅವಳು ತಲೆಯೆತ್ತದೆ.

ಪರೀಕ್ಷೆಯ ದಿನ ಅವಳಿಗೆ ತಲೆ ಸಿಡಿಯುತ್ತಿತ್ತು. ಈ ಮನೆಗೆ ಬಂದ ಮೇಲೆ ತಲೆ ಸಿಡಿಯದ ದಿನ ಕಡಿಮೆ. ಹಣೆಗೆ ಮುಲಾಮು ತಿಕ್ಕಿಕೊಂಡು, ಮಗಳನ್ನು ಗಂಡನ ಕೈಗಿತ್ತು ಎರಡು ಬಾಗಿಲುಗಳಾಚೆ ಕಳಿಸಿ, ದಪ್ಪ ಟವೆಲಿನ ಮೇಲೆ ಕತ್ತಿಯನ್ನು ಇರಿಸಿ ಕುಳಿತಳು. ಮಾವ ಎದುರಿಗೆ ಕೈಕಟ್ಟಿ ನಿಂತರು. ಅವಳು ಹಿಡಿಯನ್ನು ಹೆಬ್ಬೆರಳಿನಿಂದ ಬಿಸಿಯಾಗುವಂತೆ ಉಜ್ಜಿದಳು. ಮೂಗಿನ ಬಳಿ ತಂದಳು. ಕಣ್ಣು ಅಗಲವಾದವು.

"ಕರ್ಪೂರ!"

"ಏನು?"

"ಕರ್ಪೂರದ ವಾಸನೆ ಮಾವ! ಸೆಲ್ಯುಲಾಯ್ಡ್! ಎಲ್ಲಾ ಹೊರಗೆ ನಡೀರಿ! ರೀ, ಕೂಸನ್ನ ಎತ್ಕೊಂಡು ಕೆಳಗಿಳೀರಿ! ಅತ್ತೆ, ಗ್ಯಾಸ್ ಆಫ್ ಮಾಡಿ!"

ಯಾರಾದರೂ ಏನೆಂದು ಕೇಳುವಷ್ಟರಲ್ಲಿ ಅವಳು ಬಾಲ್ಕನಿಯ ಹೂಕುಂಡದಿಂದ ಗಿಡವನ್ನು ಕಿತ್ತು, ಕತ್ತಿಯನ್ನು ಮಣ್ಣಿನಲ್ಲಿ ಹೂತು, ಮೇಲೆ ಒಂದು ಒದ್ದೆ ಗೋಣಿ ಹೊದಿಸಿದ್ದಳು. ಆಮೇಲೆ ಸೊಂಟಕ್ಕೆ ಕೈಯಿಟ್ಟು ನಿಂತು ಭಾಷಣ ಮಾಡಿದಳು. ಈ ಮನೆಯಲ್ಲಿ ತನ್ನ ಮಾತಿಗೆ ಬೆಲೆಯಿಲ್ಲವೆಂದೂ, ತಾನು ಕೆಂಪು ಬಾವುಟವೆಂದೂ, ಆದರೆ ಬಾವುಟ ಇಲ್ಲದಿದ್ದರೆ ರೈಲು ಏನಾಗುತ್ತದೆಂದು ಗಾರ್ಡ್ ಸಾಹೇಬರಿಗೇ ಗೊತ್ತಿರಬೇಕೆಂದೂ, ಇಷ್ಟು ವರ್ಷ ಎಲ್ಲರೂ ಒಂದು ಬಾಂಬಿನಿಂದ ಗಡ್ಡ ಕೆರೆದುಕೊಳ್ಳುವುದನ್ನು ನೋಡುತ್ತ ಕೂತಿದ್ದರೆಂದೂ ಸಾರಿದಳು. (ಗಡ್ಡ ಕೆರೆದುಕೊಂಡವರು ಒಬ್ಬರೇ. ಆದರೆ ಭಾಷಣದ ಭರದಲ್ಲಿ ಅಂಥ ಸಣ್ಣಪುಟ್ಟ ವ್ಯತ್ಯಾಸ ಯಾರೂ ಎಣಿಸುವುದಿಲ್ಲ.)

ಮಾವ ಗೋಣಿ ಸರಿಸಿ, ಕತ್ತಿಯನ್ನು ತೆಗೆದು, ಮಣ್ಣು ಒರೆಸಿ ತಾವೇ ಮೂಸಿದರು. ಅವರ ಮುಖ ಇಳಿದುಹೋಯಿತು. "ಹೌದು ಕಣೆ" ಎಂದರು ಹೆಂಡತಿಗೆ. "ಕರ್ಪೂರಾನೇ." ಅಪ್ಪನ ಆನೆದಂತ ಪ್ಲಾಸ್ಟಿಕ್ಕಾಗಿ ಹೋದದ್ದು ಅವರ ಹೆಗಲಿನಲ್ಲಿ ಕಾಣುತ್ತಿತ್ತು.

ಅತ್ತೆ ಬಂದು ತಾವೂ ಮೂಸಿದರು. ನೇರ ಅಡುಗೆಮನೆಗೆ ಹೋಗಿ ಒಂದು ಲೋಟ ತಂದು ಗಂಡನ ಮೂಗಿಗೆ ಹಿಡಿದರು.

"ಇದು?"

"ಕರ್ಪೂರ" ಎಂದರು ಮಾವ ಅಚ್ಚರಿಯಿಂದ.

"ಸ್ಟೀಲು. ಬೆಳಿಗ್ಗೆ ಇವಳೇ ತೊಳೆದಿಟ್ಟಿದ್ದು." ಆಮೇಲೆ, ಗದ್ದಲ ಕೇಳಿ ಓಡಿಬಂದಿದ್ದ ಮಗನ ಕೈಯಲ್ಲಿದ್ದ ಮೊಮ್ಮಗಳ ಕೆನ್ನೆಯನ್ನು ಮೂಸಿದರು. "ಇವಳೂ ಕರ್ಪೂರ." ಮಗನ ಅಂಗಿಯ ತೋಳನ್ನು ಎಳೆದು ಮೂಸಿದರು. "ಇವನೂ." ಕೊನೆಗೆ ಸೊಸೆಯ ಕೈಹಿಡಿದು, ಅವಳ ಹೆಬ್ಬೆರಳನ್ನು ಅವಳ ಮೂಗಿಗೇ ಒಯ್ದರು. "ಈಗ ಹೇಳು."

ಹೆಬ್ಬೆರಳಿನಲ್ಲಿ ತಲೆನೋವಿನ ಮುಲಾಮು ಘಮ್ಮೆನ್ನುತ್ತಿತ್ತು.

"ಹಾಗಾದ್ರೆ ಸೆಲ್ಯುಲಾಯ್ಡ್ ಇರೋದು ಕತ್ತೀಲಲ್ಲ" ಎಂದರು ಮಾವ. ಅವರ ಹೆಗಲು ನಿಧಾನವಾಗಿ ಮೇಲೇರುತ್ತಿತ್ತು. "ನಮ್ಮ ಸೊಸೇಲಿ. ಒಲೆ ಹತ್ತಿರ ಹೋಗಬೇಡಮ್ಮ, ಭಗ್ ಅಂದುಬಿಟ್ಟೀಯ."

ಮಗಳೂ ಸೇರಿದಂತೆ ಎಲ್ಲರೂ ನಕ್ಕರು. ಗಂಡ ಮಾತ್ರ ಅರ್ಧ ನಕ್ಕು ನಡುವೆ ನಿಂತ.

ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೆ ಕೈಚೆಲ್ಲಿ ಕೋಣೆ ಸೇರುತ್ತಿದ್ದರು. ಅವಳು ಬಚ್ಚಲಿಗೆ ಹೋಗಿ ಮೊಣಕೈವರೆಗೆ ಸೋಪು ಹಾಕಿ ತೊಳೆದಳು. ಮತ್ತೆ ತೊಳೆದಳು. ಹಿಂದೆ ಬಂದು, "ನಗೋದು ಮುಗೀತಾ? ಇನ್ನೂ ಪರೀಕ್ಷೆ ಮುಗಿದಿಲ್ಲ" ಎಂದು ಕತ್ತಿಯನ್ನು ಕಸಿದುಕೊಂಡು ಕಿಟಕಿಯ ಬೆಳಕಿಗೆ ಹಿಡಿದಳು. ಈ ಬಾರಿ ಉಜ್ಜಿದಾಗ ಯಾವ ವಾಸನೆಯೂ ಬರಲಿಲ್ಲ. ಭೂತಗನ್ನಡಿಯನ್ನು ಹಿಡಿಯ ತುದಿಗೆ ತಂದು ಬಲೆಯಂಥ ಗೆರೆಗಳನ್ನು ಹುಡುಕಿದಳು. ಕಾಣಲಿಲ್ಲ. ಹಿಡಿಯ ಉದ್ದಕ್ಕೂ ಭೂತಗನ್ನಡಿಯನ್ನು ಇಂಚಿಂಚಾಗಿ ಸರಿಸಿದಳು. ಅಲ್ಲಿ, ಬಿರುಕಿನ ಪಕ್ಕದಲ್ಲೇ, ಸೂಜಿಮೊನೆಯಷ್ಟು ಕಪ್ಪು ಚುಕ್ಕೆಗಳ ಒಂದು ಹಿಂಡು. ಇನ್ನೊಂದು ಕಡೆ ಅಂಥದ್ದೇ ಸಣ್ಣ ಗೀಟುಗಳು.

"ಮಾವ, ಬನ್ನಿ. ನೀವೇ ನೋಡಿ."

ಮಾವ ನೋಡಿದರು. ಕನ್ನಡಕ ತೆಗೆದು ನೋಡಿದರು, ಹಾಕಿಕೊಂಡು ನೋಡಿದರು.

"ಪ್ಲಾಸ್ಟಿಕ್ಕಲ್ಲ. ಅದು ನಂದು ತಪ್ಪು" ಎಂದಳು ಅವಳು. "ಆದ್ರೆ ಆನೆದಂತಾನೂ ಅಲ್ಲ. ದಂತಕ್ಕೆ ಈ ಥರ ತೂತಿರಲ್ಲ. ಇದು ಮೂಳೆ. ಯಾವುದೋ ಎತ್ತಿನ ಕಾಲಿನ ಮೂಳೆ."

"ಎತ್ತಿನ ಕಾಲು..." ಎಂದರು ಮಾವ. ಆನೆಯಿಂದ ಎತ್ತಿಗೆ ಇಳಿಯುವುದು ಸುಲಭವಲ್ಲ. ಆದರೆ ಅವರು ಹಳಿಯ ಮೇಲೆ ಬದುಕಿದ ಮನುಷ್ಯ, ಪಕ್ಕಕ್ಕೆ ಸರಿಯುವುದು ಗೊತ್ತಿರಲಿಲ್ಲ. "ಸರಿ. ಸೋತೆ. ಕತ್ತಿ ಹೊಸಲು ದಾಟುತ್ತೆ. ಆದ್ರೆ ಈ ಸ್ಥಿತೀಲಿ ಕಳಿಸಲ್ಲ. ನಮ್ಮಪ್ಪನ್ದು ಇದು. ಮೊದಲು ಸರಿಯಾಗಲಿ, ಆಮೇಲೆ ಮರ್ಯಾದೆಯಿಂದ ಹೋಗಲಿ."

"ಯಾರು ಸರಿ ಮಾಡ್ತಾರೆ?"

"ಮೂಳೆ ಅಂತ ಕಂಡುಹಿಡಿದವರು ಯಾರೋ ಅವರು."

"ಮಾಡ್ತೀನಿ!" ಎಂದಳು ಅವಳು. ಹೇಗೆ ಎಂಬುದು ಗೊತ್ತಿರಲಿಲ್ಲ. ಆದರೆ ಅಷ್ಟು ಜನರ ನಗು ಕೇಳಿದ ಕಿವಿಗೆ ಬೇರೆ ಉತ್ತರ ಹೊಳೆಯಲೂ ಇಲ್ಲ.

ಪಿನ್ನಿನ ತಲೆಯನ್ನು ಅರದಿಂದ ಉಜ್ಜಿ ಸವೆಸಿ, ಮೊಳೆಯಿಂದ ತಟ್ಟಿದಾಗ ಕತ್ತಿ ಬಿಡಿಬಿಡಿಯಾಯಿತು. ಅಲಗನ್ನು ಬಟ್ಟೆಯಲ್ಲಿ ಸುತ್ತಿ, ಬಟ್ಟೆಯನ್ನು ಡಬ್ಬಿಯಲ್ಲಿಟ್ಟು, ಡಬ್ಬಿಯನ್ನು ಪೆಟ್ಟಿಗೆಯಲ್ಲಿಟ್ಟು, ಪೆಟ್ಟಿಗೆಗೆ ಬೀಗ ಹಾಕಿದಳು. ಕೈಯಲ್ಲಿ ಉಳಿದದ್ದು ಎರಡು ತೆಳುವಾದ ಮೂಳೆಯ ಪಟ್ಟಿಗಳು. ಮೂಳೆಯ ಪುಡಿ ಶ್ವಾಸಕ್ಕೆ ಹೋಗಬಾರದೆಂದು ಓದಿದ್ದರಿಂದ ಮೂಗಿಗೆ ಮಾಸ್ಕು, ಕಣ್ಣಿಗೆ ದೊಡ್ಡ ಕನ್ನಡಕ, ಕೈಗೆ ಗವುಸು ಹಾಕಿಕೊಂಡು ಬಾಲ್ಕನಿಯ ಬಾಗಿಲು ಹಾಕಿ ಕುಳಿತಳು.

"ಚಂದ್ರನ ಮೇಲೆ ಇಳಿದೋಳ ಹಾಗಿದ್ದಾಳೆ" ಎಂದರು ಮಾವ, ಮೊಮ್ಮಗಳನ್ನು ಎತ್ತಿಕೊಂಡು ಗಾಜಿನಾಚೆಯಿಂದ ನೋಡುತ್ತ. ಅವಳು ಬಾಲ್ಕನಿಯಲ್ಲಿರುವಷ್ಟು ಹೊತ್ತು ಮಗಳು ಅವರ ಪಾಲು.

ಮೂಳೆಯನ್ನು ನೀರಿನಲ್ಲಿ ನೆನೆಸಿದರೆ ಸೊಟ್ಟಗಾಗುತ್ತದೆ. ಹಾಗಾಗಿ ಒದ್ದೆ ಮಾಡಿಯೂ ಮಾಡದಂತೆ, ಮೆತ್ತನೆಯ ಬ್ರಶ್ಶಿಗೆ ಒಂದಿಷ್ಟು ಸೋಪಿನ ನೊರೆ ತಗುಲಿಸಿ ತಿಕ್ಕಿ, ಆ ಕ್ಷಣವೇ ಒರೆಸಬೇಕು. ಹಳೆಯ ಜಿಡ್ಡು ಹೋಗಿ ಕೆನೆಯ ಬಣ್ಣ ಮೇಲೆ ಬಂತು. ಅವಳಿಗೆ ಉತ್ಸಾಹ ಹೆಚ್ಚಿತು. ಹಿಡಿಯ ನಡುವೆ ಒಂದು ಕಡೆ ಮಾತ್ರ ಕಂದು ಕಲೆ ಹೋಗಲೊಲ್ಲದು. ಅವಳು ಉಪ್ಪುಕಾಗದ ಕೈಗೆತ್ತಿಕೊಂಡಳು.

ಗಾಜಿನ ಬಾಗಿಲು ದಡಬಡಿಸಿತು. "ಅಲ್ಲಿ ಉಜ್ಜಬೇಡ! ಅಲ್ಲಿ ಬೇಡ!"

"ಕೊಳೆ ಮಾವ."

"ಕೊಳೆ ಅಲ್ಲಮ್ಮ." ಮಾವ ಬಾಗಿಲನ್ನು ಬೆರಳಷ್ಟು ತೆರೆದರು. "ಹೆಬ್ಬೆರಳು. ನಮ್ಮಪ್ಪನ್ದು. ಆಮೇಲೆ ನಂದು."

ಅವಳು ನೋಡಿದಳು. ನಿಜ, ಅಲ್ಲಿ ಮೂಳೆ ಸವೆದು ಸಣ್ಣ ತಗ್ಗಾಗಿತ್ತು. ಮಾವ ಆಚೆ ಹೋದ ಮೇಲೆ ಗವುಸು ತೆಗೆದು ತನ್ನ ಹೆಬ್ಬೆರಳನ್ನು ಅಲ್ಲಿಟ್ಟಳು. ಸರಿಯಾಗಿ ಕೂತಿತು. ಅದನ್ನು ಯಾರಿಗೂ ಹೇಳಲಿಲ್ಲ. ಉಪ್ಪುಕಾಗದ ಮಡಚಿ ಪಕ್ಕಕ್ಕಿಟ್ಟಳು.

ಬಿರುಕಿನ ಕೆಲಸ ಅವಳನ್ನು ನಿಜವಾಗಿ ನುಂಗಿಹಾಕಿತು. ಹಿಡಿಯ ಒಳಮೈಯನ್ನು, ಯಾರ ಕಣ್ಣಿಗೂ ಬೀಳದ ಕಡೆ, ಕೊಂಚವೇ ಉಜ್ಜಿ ಪುಡಿ ತೆಗೆದಳು. ಆ ಪುಡಿಯನ್ನು ಬಿರುಕಿಗೆ ತುಂಬಿ, ಕಡ್ಡಿಯ ಮೊನೆಯಲ್ಲಿ ತೆಳುವಾದ ಅಂಟು ಇಳಿಸಿದಳು. ಮೊದಲ ಸಲ ಬಿರುಕಿನ ಬದಲು ಅವಳ ಎರಡು ಬೆರಳುಗಳೇ ಕೂಡಿಕೊಂಡವು. ಆಮೇಲಿನ ಸಲ ಹಿಡಿಯ ಜೊತೆ ಗವುಸು ಅಂಟಿಕೊಂಡಿತು. ಕೊನೆಗೊಮ್ಮೆ ಬಿರುಕು ಬಾಯಿ ಮುಚ್ಚಿತು. ಎಲ್ಲಿತ್ತೆಂದು ಅವಳೇ ಭೂತಗನ್ನಡಿ ಹಿಡಿದು ಹುಡುಕುವಂತಾಯಿತು. ಹೊಸ ಹಿತ್ತಾಳೆಯ ಪಿನ್ನನ್ನು ತೂರಿಸಿ, ಪುಟ್ಟ ಸುತ್ತಿಗೆಯಿಂದ ಅದರ ತಲೆಯನ್ನು ಸುತ್ತಲೂ ಸಣ್ಣಗೆ ತಟ್ಟುತ್ತ ಹರಡಿಸಬೇಕಿತ್ತು. ಜೋರಾಗಿ ಹೊಡೆದರೆ ಮೂಳೆ ಸೀಳುತ್ತದೆ, ಮೆತ್ತಗೆ ಹೊಡೆದರೆ ಅಲಗು ಅಲುಗುತ್ತದೆ. ಟಕ್ ಟಕ್ ಟಕ್. ಬೆಳಗಿನ ಸರಕ್ ಸರಕ್ ನಿಂತುಹೋಗಿದ್ದ ಮನೆಯಲ್ಲಿ ಈಗ ಇದು.

ಈ ನಡುವೆ ಏನೇನೋ ಆಯಿತು. ಮುಲಾಮಿನ ಡಬ್ಬಿ ಎಲ್ಲಿ ಬಿತ್ತೋ ಅವಳಿಗೆ ನೆನಪಿರಲಿಲ್ಲ. ಒಮ್ಮೆ ಮಗಳು ಮುಗ್ಗರಿಸಿ ಬಿದ್ದು ರಾಗ ತೆಗೆದಾಗ ಅವಳು ಸುತ್ತಿಗೆ ಕೆಳಗಿಡದೆ, "ಏನಾಗಲ್ಲ, ಎದ್ದೇಳು ಪುಟ್ಟಿ" ಎಂದಳು. ಅತ್ತೆ ಮಾವ ಮುಖ ಮುಖ ನೋಡಿಕೊಂಡರು. ಗಂಡ ಅವಳ ಹಣೆ ಮುಟ್ಟಿ ಜ್ವರ ಇದೆಯೇ ಎಂದು ನೋಡಿದ.

ಕತ್ತಿ ಸಿದ್ಧವಾದ ಬೆಳಿಗ್ಗೆ ಅದನ್ನು ಟವೆಲಿನ ಮೇಲಿಟ್ಟು ತಂದು ಮಾವನ ಮುಂದೆ ಚಾಚಿದಳು. ಎಣ್ಣೆ ಕುಡಿದ ಮೂಳೆ ಬೆಣ್ಣೆಯಂತೆ ಹೊಳೆಯುತ್ತಿತ್ತು. ನಡುವೆ ಹೆಬ್ಬೆರಳಿನ ಕಂದು ಕಲೆ ಹಾಗೇ ಇತ್ತು. ಮಾವ ತೆರೆದರು, ಮಡಚಿದರು. ಅಲಗು ಸದ್ದಿಲ್ಲದೆ ಬಂದು ಹಿಡಿಯ ನಟ್ಟನಡುವೆ ಕೂತಿತು. ಹೆಬ್ಬೆರಳನ್ನು ಆ ಕಲೆಯ ಮೇಲಿಟ್ಟು ನೋಡಿದರು.

"ಹಸಿರು" ಎಂದರು ಕೊನೆಗೆ. ಗಾರ್ಡ್ ಸಾಹೇಬರ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇರಲಿಲ್ಲ.

"ಬೋಳಿಸ್ಕೊಳ್ಳಿ ಮಾವ."

"ಬೇಡಮ್ಮ. ಸೋತಿದೀನಲ್ಲ."

"ಪಂದ್ಯ ಆಮೇಲೆ. ಪಿನ್ನು ಬಿಗಿಯಾಗಿದೆಯಾ ಅಂತ ನೋಡ್ಬೇಕು. ಒಂದೇ ಒಂದು ಕೆನ್ನೆ."

ಆಗಲೇ ಅವಳು ಮಾವನ ಮುಖವನ್ನು ಸರಿಯಾಗಿ ನೋಡಿದ್ದು. ಕತ್ತಿ ಅವಳ ಬಳಿಯಿದ್ದಷ್ಟು ದಿನ ಅವರು ಬೋಳಿಸಿಕೊಂಡಿರಲಿಲ್ಲ. ಬೇರೆ ರೇಜರನ್ನು ಮುಟ್ಟಲು ಒಪ್ಪಿರಲಿಲ್ಲ. ಮುಖದ ತುಂಬ ದಟ್ಟ ಬಿಳಿ ಗಡ್ಡ. ಆ ಗ‌ಡ್ಡವನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು, ಅವರ ತೊಡೆಯ ಮೇಲೆ, ಅವಳ ಮಗಳು ನೆಟ್ಟಗೆ ನಿಂತಿದ್ದಳು.

"ಇದನ್ನ ಬೋಳಿಸಿದ್ರೆ ಇವಳು ಏನು ಹಿಡ್ಕೊಂಡು ನಿಲ್ತಾಳೆ?" ಎಂದರು ಮಾವ. "ನಂಗೂ ಈಗ ಇದೇ ಹಿತ ಅನಿಸ್ತಿದೆ. ಬೆಳಿಗ್ಗೆ ನಿಧಾನವಾಗಿ ಏಳಬಹುದು."

"ಮಾವ! ನಾನು ಇಷ್ಟು ದಿನ ಒದ್ದಾಡಿದ್ದು ಯಾತಕ್ಕೆ?"

"ಕತ್ತೀನ ಮನೆಯಿಂದ ಹೊರಗೆ ಹಾಕೋಕೆ" ಎಂದರು ಅತ್ತೆ, ಪದಬಂಧದಿಂದ ಕಣ್ಣೆತ್ತದೆ.

ಅವಳು ಗಂಡನ ಕಡೆ ತಿರುಗಿದಳು. "ರೀ. ಕೂತ್ಕೊಳ್ಳಿ. ನೊರೆ ಹಚ್ತೀನಿ."

ಗಂಡ ಎರಡು ಕೆನ್ನೆಗಳನ್ನೂ ಅಂಗೈಯಲ್ಲಿ ಮುಚ್ಚಿಕೊಂಡ. "ನಂಗೆ ಕರೆಂಟಿನ ಶೇವರ್ ಇದೆಯಲ್ಲೇ!"

"ಅದರ ಹಿಡಿ ಬರೀ ಪ್ಲಾಸ್ಟಿಕ್ಕು!" ಎಂದಳು ಅವಳು, ಹೇಸಿಗೆಯಿಂದ.

ಅಷ್ಟರಲ್ಲಿ ಬೀದಿಯಿಂದ, "ಹಳೇ ಪೇಪರ್, ಹಳೇ ಕಬ್ಬಿಣ" ಎಂಬ ಕೂಗು ಕೇಳಿತು. ಮಾವನ ಕಿವಿ ನೆಟ್ಟಗಾಯಿತು. ಮೊಮ್ಮಗಳನ್ನು ಗಡ್ಡದಿಂದ ಬಿಡಿಸಿಕೊಂಡು ಎದ್ದು, ಕಿಟಕಿಯಿಂದ ಬಾಗಿ, "ಏ, ಮೇಲೆ ಬಾರಪ್ಪ" ಎಂದು ಕರೆದರು.

"ಯಾಕೆ ಮಾವ ಅವನನ್ನ ಕರೆದ್ರಿ?"

"ಮಾತು ಅಂದ್ರೆ ಮಾತು. ಹೊಸಲು ದಾಟಬೇಕು ಅಂತ ತಾನೆ?"

ಹಳೆಯ ಸಾಮಾನಿನವನು ತಕ್ಕಡಿ ಹಿಡಿದು ಬಾಗಿಲಲ್ಲಿ ಬಂದು ನಿಂತ. ಅವಳು ಟವೆಲಿನ ಸಮೇತ ಕತ್ತಿಯನ್ನು ಬೆನ್ನ ಹಿಂದೆ ಅಡಗಿಸಿದಳು.

"ಏನಮ್ಮ ಇದೆ?" ಎಂದ ಅವನು.

"ಏನಿಲ್ಲ. ಹೋಗಿ."

"ಇದೆ, ಇದೆ" ಎಂದರು ಮಾವ. "ಚೂಪಾದ ವಸ್ತು. ಮನೇಲಿ ಕೂಸಿದೆ ನೋಡು."

"ಕೈಗೆ ಸಿಕ್ಕಿದ್ದೆಲ್ಲ ಬಾಯಿಗೆ ಹಾಕ್ಕೊಳ್ಳುತ್ತೆ" ಎಂದರು ಅತ್ತೆ.

"ಭೂಕಂಪ ಬೇರೆ ಆಗಬಹುದು" ಎಂದ ಗಂಡ. ಮದುವೆಯಾದ ಮೇಲೆ ಮೊಟ್ಟಮೊದಲ ಬಾರಿಗೆ ಅವನು ಒಂದು ಮಹಡಿಯಲ್ಲಿ ಗಟ್ಟಿಯಾಗಿ ನಿಂತಿದ್ದ. ಅದೂ ಅವಳ ಮಹಡಿಯಲ್ಲಲ್ಲ.

ಅವಳ ಮುಖ ಕೆಂಪಾಯಿತು. ಗಲ್ಲ ಮೇಲಕ್ಕೆದ್ದಿತು. "ಕೊಡಲ್ಲ! ಈ ಪಿನ್ನು ಹಾಕಿದ್ದು ನಾನು. ಈ ಬಿರುಕು ಮುಚ್ಚಿದ್ದು ನಾನು. ನನ್ನ ಬೆರಳಿನ ಚರ್ಮ ಇದೆ ಇದರಲ್ಲಿ. ಯಾರು ಏನಾದ್ರೂ ಹೇಳ್ಕೊಳ್ಳಿ, ಇದು ಈ ಮನೆ ಬಿಟ್ಟು ಹೋಗಲ್ಲ!"

"ಇಟ್ಕೊಂಡು ಏನು ಮಾಡ್ತೀಯಮ್ಮ?" ಎಂದರು ಮಾವ. "ನಾನು ಗಡ್ಡ ಬಿಟ್ಟೆ. ಇವನದು ಕರೆಂಟು. ಬಳಸೋರು ಯಾರು?"

"ನನ್ನ ಕೂಸಿಗೆ! ಕೂಸು ದೊಡ್ಡದಾದ ಮೇಲೆ ಮುಖ ಬೋಳಿಸ್ಕೊಳ್ಳೋದು ಬೇಡ್ವಾ?"

ಹಳೆಯ ಸಾಮಾನಿನವನು ಒಮ್ಮೆ ಮಗುವಿನ ಫ್ರಾಕನ್ನೂ ಒಮ್ಮೆ ಅವಳನ್ನೂ ನೋಡಿ ತಕ್ಕಡಿಯನ್ನು ಮೆಲ್ಲಗೆ ಹೆಗಲಿಗೇರಿಸಿದ.

"ನಮ್ಮ ಪುಟ್ಟಿಗಾ?" ಎಂದರು ಅತ್ತೆ.

ಬಾಯಿಂದ ಬಿದ್ದದ್ದೇನೆಂದು ಅವಳಿಗೂ ಆಗ ತಿಳಿಯಿತು. ಆದರೆ ಇಷ್ಟು ದೂರ ಬಂದ ಮೇಲೆ ಹಿಂದಕ್ಕೆ ಹೋಗುವುದು ಅವಳ ಜಾಯಮಾನವಲ್ಲ.

"ಅವಳಿಗೆ ಬರದಿದ್ರೆ ಬೇಡ. ಅವಳ ಗಂಡನಿಗೆ ಬರುತ್ತೆ! ದಿನಾ ಬೆಳಿಗ್ಗೆ ಇದರಲ್ಲೇ ಬೋಳಿಸ್ಕೊಳ್ತೀನಿ ಅಂತ ಒಪ್ಪಿಕೊಂಡೋನಿಗೇ ನಾನು ನನ್ನ ಮಗಳನ್ನ ಕೊಡೋದು!"

ಎಂದವಳೇ ಹಳೆಯ ಸಾಮಾನಿನವನ ಮುಖಕ್ಕೆ ಬಾಗಿಲು ಹಾಕಿದಳು.

ಮಾವ ಮತ್ತೆ ಕುರ್ಚಿಯಲ್ಲಿ ಕೂತು, ಮೊಮ್ಮಗಳ ಕೈಗೆ ಗಡ್ಡ ಒಪ್ಪಿಸಿ, ಕಿಟಕಿಯಾಚೆ ದೂರಕ್ಕೆ ನೋಡುತ್ತ ನಿಟ್ಟುಸಿರಿಟ್ಟರು.

"ಪಾಪ, ಆ ಹುಡುಗ ಈಗ ಯಾವ ಮನೇಲಿ ಅಂಬೆಗಾಲಿಡ್ತಾ ಇದ್ದಾನೋ."